ಸಿಡ್ಸೆಲ್ ಮೊದಲು ಓಡಿದ್ದು ಯಾರ ಬಳಿಗೆ?

"ಕೈ ತೆಗಿ!"

"ತೆಗೆಯಲ್ಲ!"

"ಕೈ ತೆಗಿ ಅಂದೆ! ನಾನು ನರ್ಸ್. ನಂಗೆ ಗಾಯ ಕಾಣ್ಬೇಕು!"

"ತೆಗೆದ್ರೆ ಇವನು ಸತ್ತೇ ಹೋಗ್ತಾನೆ!"

ಹಿರ್ಟ್ಸ್‌ಹಾಲ್ಸ್ ಬಂದರಿನ ಮೀನು ಕಾರ್ಖಾನೆ. ಒದ್ದೆ ನೆಲದ ಮೇಲೆ ಮೊಣಕಾಲೂರಿ ಕೂತಿದ್ದಳು ಸಿಡ್ಸೆಲ್. ಅವಳ ಮುಷ್ಟಿ ಲೌರಿಟ್ಸ್ ಎಂಬ ಸಹ ಕೆಲಸಗಾರನ ತೊಡೆಯ ಗಾಯದೊಳಗೆ ಹೂತುಹೋಗಿತ್ತು. ಬೆರಳ ಸಂದಿಯಿಂದ ಬಿಸಿ ರಕ್ತ ಉಕ್ಕುತ್ತಲೇ ಇತ್ತು. ನೆಲದ ಮೇಲೆ ಉದುರಿದ್ದ ಮೀನಿನ ಹುರುಪೆಗಳೆಲ್ಲ ಕೆಂಪಾಗಿದ್ದವು.

ಆಂಬುಲೆನ್ಸ್‌ನಲ್ಲಿ ಬಂದಿದ್ದ ನರ್ಸ್ ಆಸ್ಗರ್ ಒಂದು ಕ್ಷಣ ಅವಳ ಕಣ್ಣನ್ನೇ ನೋಡಿದ. ಆ ಕಣ್ಣಲ್ಲಿ ಭಯವಿತ್ತು... ಆದರೆ ಕೈ ನಡುಗುತ್ತಿರಲಿಲ್ಲ!

"ಸರಿ, ತೆಗೀಬೇಡ. ಆದ್ರೆ ಮುಷ್ಟಿ ಸ್ವಲ್ಪ ಮೇಲಕ್ಕೆ. ಇಲ್ಲಿ... ಮೂಳೆಗೆ ಒತ್ತಿ ಹಿಡಿ. ಇನ್ನೂ ಜೋರಾಗಿ!"

ಅವನ ಕೈ ಅವಳ ಕೈಯ ಮೇಲೆ ಬಿತ್ತು. ರಕ್ತ ನಿಂತಿತು.

"ಹಾಗೇ ಇರು. ನೀನೂ ನಮ್ ಜೊತೆ ಬಾ."

ಆಸ್ಪತ್ರೆ ಬಾಗಿಲಿನ ತನಕ ಅವಳು ಕೈ ತೆಗೆಯಲಿಲ್ಲ. ಲೌರಿಟ್ಸ್ ಬದುಕಿದ.

ಆದರೆ ಪೊಲೀಸರು ಬಂದು "ಇರಿದವರು ಯಾರು?" ಎಂದಾಗ ಸಿಡ್ಸೆಲ್ ತುಟಿ ಬಿಚ್ಚಲಿಲ್ಲ. ಅವಳ ಸೊಂಟದಲ್ಲಿ ಮೀನು ಸೀಳುವ ಚಾಕು ಇತ್ತು. ಮೈಯೆಲ್ಲ ರಕ್ತ. ಆಸ್ಗರ್ ಕಂಡದ್ದನ್ನು ಕಂಡ ಹಾಗೆ ಹೇಳಿದ.

"ಚಾಕು ಇವಳ ಹತ್ರಾನೇ ಇದೆ. ಯಾರು ಮಾಡಿದ್ದು ಅಂತ ದಾರಿಯುದ್ದಕ್ಕೂ ಕೇಳ್ದೆ, ಬಾಯಿ ಬಿಡ್ಲಿಲ್ಲ."

ಅವಳ ಕೈಗೆ ಬೇಡಿ ಬಿತ್ತು! ಸಿಡ್ಸೆಲ್ ಅವನನ್ನು ಒಮ್ಮೆ ನೋಡಿದಳು... ಆ ನೋಟ ಆಸ್ಗರನ ನಿದ್ದೆ ಕೆಡಿಸಿತು.

ಅವಳಾದರೂ ಹೇಗೆ ಹೇಳಿಯಾಳು? ಇರಿದವನು ಅವಳ ಒಡಹುಟ್ಟಿದ ಅಣ್ಣ ಫ್ರೋಡೆ. ಅಮ್ಮ ಸತ್ತ ಮೇಲೆ ಅವಳನ್ನು ಸಾಕಿದವನು ಅವನೇ, ಕುಡಿದು ಹೊಡೆದವನೂ ಅವನೇ. "ತಂಗಿ ಹಾಕಿದ ರೊಟ್ಟಿ ತಿನ್ನೋ ನಾಯಿ" ಎಂದು ಲೌರಿಟ್ಸ್ ಚುಚ್ಚಿದ್ದೇ ತಡ, ಕಾರ್ಖಾನೆಗೆ ಬಂದಿದ್ದ ಫ್ರೋಡೆ ಚಾಕು ಎತ್ತಿದ್ದ, ಇರಿದು ಓಡಿಹೋಗಿದ್ದ.

ಲೌರಿಟ್ಸ್‌ಗೆ ಎಚ್ಚರವಾದಾಗ ಸತ್ಯ ಹೊರಬಿತ್ತು. ಫ್ರೋಡೆ ಜೈಲಿಗೆ ಹೋದ. ಸಿಡ್ಸೆಲ್ ಮನೆಗೆ ಬಂದಳು.

ಲೌರಿಟ್ಸ್‌ನನ್ನು ನೋಡಲು ಆಸ್ಪತ್ರೆಗೆ ಹೋದ ದಿನ ಮೆಟ್ಟಿಲ ಮೇಲೆ ಎದುರಾದ ಆಸ್ಗರ್.

ಚಟ್! ಅವನ ಕೆನ್ನೆಗೆ ಬಿತ್ತು ಏಟು.

"ನನ್ ಕೈ ಉಪಯೋಗಿಸ್ಕೊಂಡು ಅವನ್ನ ಉಳಿಸ್ದೆ. ಆಮೇಲೆ ಅದೇ ಕೈಗೆ ಬೇಡಿ ಹಾಕ್ಸಿದ್ಯಲ್ಲ... ನಾಚಿಕೆ ಆಗಲ್ವಾ ನಿಂಗೆ?"

ಆಸ್ಗರ್ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಆಗತ್ತೆ. ಅವತ್ತಿಂದ ದಿನಾ ಆಗ್ತಿದೆ."

ಇಂಥ ಉತ್ತರ ಅವಳು ನಿರೀಕ್ಷಿಸಿರಲಿಲ್ಲ. ಅಣ್ಣ ಎಂದೂ ಹೀಗೆ ತಪ್ಪು ಒಪ್ಪಿಕೊಂಡವನಲ್ಲ.

"ಸಿಡ್ಸೆಲ್... ನರ್ಸಿಂಗ್ ಓದ್ತೀಯಾ?"

"ತಮಾಷೆ ಮಾಡ್ತೀಯಾ? ಇಪ್ಪತ್ತೆಂಟಾಯ್ತು ನಂಗೆ. ಮೀನು ಸೀಳೋದು ಬಿಟ್ರೆ ಏನೂ ಗೊತ್ತಿಲ್ಲ."

"ಗೊತ್ತಿಲ್ಲದ್ದನ್ನ ಕಲಿಸ್ತಾರೆ. ಆದ್ರೆ ಎಲ್ಲರೂ ಓಡಿಹೋಗೋ ಕಡೆ ನೀನು ಓಡಿಬಂದೆ ನೋಡು, ಅದನ್ನ ಕಲಿಸೋಕಾಗಲ್ಲ."

ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು.

ಅವಳು ಸೇರಿದಳು. ಫ್ರೋಡೆಯ ಮನೆ ಬಿಟ್ಟು, ಪಟ್ಟಣದಲ್ಲಿ ಒಂದು ಸಣ್ಣ ಕೋಣೆ ಹಿಡಿದು, ತನಗಿಂತ ಚಿಕ್ಕವರ ನಡುವೆ ಕೂತು ಓದಿದಳು. ಮೊದಲ ಪರೀಕ್ಷೆಯಲ್ಲಿ ಫೇಲಾಗಿ ಅತ್ತಳು. ಎರಡನೇ ಸಲ ಪಾಸಾಗಿ ಇನ್ನೂ ಜಾಸ್ತಿ ಅತ್ತಳು! ಆಸ್ಗರ್ ಆಗಾಗ ಕಾಫಿ ಹಿಡಿದು ಬರುತ್ತಿದ್ದ. ಸಮುದ್ರದ ಗಾಳಿಗೆ ಇಬ್ಬರೂ ಮುದುರಿ ಕೂತು, ಹೆರಿಂಗ್ ಮೀನಿಟ್ಟ ರೊಟ್ಟಿ ತಿನ್ನುತ್ತಿದ್ದರು. ಇಬ್ಬರ ಮನಸ್ಸಲ್ಲೂ ಇದ್ದದ್ದು ಒಂದೇ ಮಾತು... ಆದರೆ ಯಾರೂ ಆಡಲಿಲ್ಲ.

ಕೊನೆಯ ವರ್ಷದ ತರಬೇತಿಗೆ ಅವಳು ಕೇಳಿ ಪಡೆದದ್ದು ತುರ್ತು ಚಿಕಿತ್ಸಾ ವಿಭಾಗವನ್ನೇ.

ಅಬ್ಬಾ! ಅಲ್ಲಿ ದಿನವೂ ರಣರಂಗ. ಕುಡಿದ ನಾವಿಕನೊಬ್ಬ ಅವಳ ತೋಳು ಕಚ್ಚಿದ. ಇನ್ನೊಬ್ಬ ಹೊಲಿಗೆ ಹಾಕುವಾಗ ಒದ್ದ. ಗಂಡನ ಏಟಿಗೆ ದವಡೆ ಮುರಿದುಕೊಂಡು ಬಂದ ಹೆಂಗಸು, "ಬಾಗಿಲು ತಾಗಿತು" ಎಂದಳು. ಸಿಡ್ಸೆಲ್ ಅವಳ ಪಕ್ಕ ಕೂತು, "ನಮ್ಮನೇಲೂ ಅಂಥದ್ದೊಂದು ಬಾಗಿಲಿತ್ತು" ಎಂದಷ್ಟೇ ಹೇಳಿದಳು. ಆ ಹೆಂಗಸು ಅವಳ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತು, ಎಲ್ಲವನ್ನೂ ಹೇಳಿದಳು.

ಅಂದು ಸಂಜೆ ಸಿಡ್ಸೆಲ್ ಹಿರಿಯ ನರ್ಸ್ ವಿಬೆಕೆಯನ್ನು ಕೇಳಿದಳು.

"ಹುಟ್ಟಿದಾಗಿಂದ ಹೊಡೆತದ ನಡುವೆನೇ ಬೆಳೆದೆ. ಮತ್ತೆ ಅದನ್ನೇ ಹುಡುಕ್ಕೊಂಡು ಬಂದ್ನಾ ನಾನು?"

ವಿಬೆಕೆ ನಕ್ಕಳು. "ಅಲ್ಲಿ ನೀನು ಬರೀ ರಕ್ತ ಒರೆಸ್ತಿದ್ದೆ. ಇಲ್ಲಿ ರಕ್ತ ನಿಲ್ಲಿಸ್ತೀಯ. ಎರಡೂ ಒಂದೇನಾ ಹುಚ್ಚಿ?"

ಮನೆಗೆ ನಡೆಯುವಾಗ ಸಿಡ್ಸೆಲ್‌ಗೆ ಕಾಲಡಿಯ ನೆಲ ಗಟ್ಟಿಯಾದ ಹಾಗೆ ಅನ್ನಿಸಿತು. 'ಇದೇ ನನ್ನ ಜಾಗ... ಇದೇ!'

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ.

ಫ್ರೋಡೆ ಬಿಡುಗಡೆಯಾಗಿದ್ದ. ಮನೆ ಖಾಲಿ, ಒಲೆ ತಣ್ಣಗೆ. ತಂಗಿಯನ್ನು ಕಿತ್ತುಕೊಂಡವನು ಯಾರೆಂದು ಕೇಳಿ ತಿಳಿದುಕೊಂಡ. ನಡುಮಧ್ಯಾಹ್ನ ಕಬ್ಬಿಣದ ಸರಳು ಹಿಡಿದು ಆಸ್ಪತ್ರೆಗೆ ಬಂದ!

ಆಸ್ಗರ್ ಬಾಗಿಲ ಬಳಿ ಸ್ಟ್ರೆಚರ್ ಒರೆಸುತ್ತಿದ್ದ.

"ನೀನೇ ಅಲ್ವೇನೋ, ನನ್ ತಂಗಿ ತಲೆ ಕೆಡಿಸಿದ ನರ್ಸಪ್ಪ?"

ಆಸ್ಗರ್ ತಿರುಗುವಷ್ಟರಲ್ಲಿ ಸರಳು ಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ಒಳಗಿನವರಿಗೂ ಕೇಳಿಸಿತು. ಇನ್ನೊಂದು ಏಟು ಪಕ್ಕೆಗೆ! ಆಸ್ಗರ್ ಕುಸಿದ. ಕಾವಲುಗಾರರು ಓಡಿಬರುವುದನ್ನು ಕಂಡು ಫ್ರೋಡೆ ಒಳನುಗ್ಗಲು ಹೋಗಿ, ಮುಚ್ಚಿದ್ದ ಗಾಜಿನ ಬಾಗಿಲಿಗೆ ರೋಷದಿಂದ ಗುದ್ದಿದ. ಗಾಜು ಒಡೆದು ತೋಳನ್ನು ಉದ್ದಕ್ಕೆ ಸೀಳಿತು. ರಕ್ತ ಗೋಡೆಗೆ ಚಿಮ್ಮಿತು!

ಸಿಡ್ಸೆಲ್ ಓಡಿಬಂದಳು.

ಎಡಕ್ಕೆ ಅಣ್ಣ. ಬಲಕ್ಕೆ ಆಸ್ಗರ್.

"ಸಿಡ್ಸೆಲ್!" ಆಸ್ಗರ್ ನರಳಿದ. "ಅಯ್ಯೋ... ದರಿದ್ರ ಭುಜ!"

ಅವಳು ತಿರುಗಿಯೂ ನೋಡಲಿಲ್ಲ. ಅಣ್ಣನ ಬಳಿ ಮಂಡಿಯೂರಿ, ತೋಳಿಗೆ ಪಟ್ಟಿ ಸುತ್ತಿ, ಹಲ್ಲು ಕಚ್ಚಿ ಬಿಗಿದಳು. ವಿಬೆಕೆ ಆಸ್ಗರ್ ಕಡೆ ಧಾವಿಸಿದಳು.

ಬಿಳಿಚಿದ ಫ್ರೋಡೆ ಗೆದ್ದವನ ಹಾಗೆ ನಕ್ಕ. "ನಂಗೊತ್ತಿತ್ತು ಪುಟ್ಟಿ... ನೀನು ನನ್ ಕಡೆನೇ ಬರ್ತೀಯ ಅಂತ..."

ಅಲ್ಲಿದ್ದವರಿಗೆಲ್ಲ ಕೇಳಿಸಿತು. ಆಸ್ಗರ್‌ಗೂ. ಅವನು ಕಣ್ಣು ಮುಚ್ಚಿದ.

ಸಿಡ್ಸೆಲ್‌ಳ ಎದೆ ಚೂರಾಯಿತು. 'ನನ್ನನ್ನ ದ್ವೇಷಿಸ್ತಾನೆ. ಯಾಕೆ ದ್ವೇಷಿಸಬಾರದು? ಆ ಸರಳು ಇಲ್ಲಿಗೆ ಬಂದಿದ್ದು ನನ್ನಿಂದ...'

ಫ್ರೋಡೆ ಬದುಕಿದ, ಮತ್ತೆ ಜೈಲಿಗೆ ಹೋದ. ಆಸ್ಗರನ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಸಿಡ್ಸೆಲ್ ಅವನ ಕೋಣೆಯ ಬಾಗಿಲ ತನಕ ಹೋದಳು, ವಾಪಸು ಬಂದಳು. ಮರುದಿನವೂ ಹಾಗೆಯೇ. ಕೊನೆಗೆ, "ಓದು ಬಿಡ್ತೀನಿ" ಎಂದು ವಿಬೆಕೆಗೆ ಹೇಳಿ, ಮೀನು ಕಾರ್ಖಾನೆಗೆ ಮರಳಿದಳು.

ಕೆಲವು ವಾರಗಳು ಕಳೆದವು.

ಒಂದು ಬೆಳಿಗ್ಗೆ ಕಾರ್ಖಾನೆಯ ಬಾಗಿಲು ತಳ್ಳಿಕೊಂಡು ಆಸ್ಗರ್ ಬಂದ. ಎಡಗೈ ಪಟ್ಟಿಯಲ್ಲಿ ಕುತ್ತಿಗೆಯಿಂದ ಜೋತುಬಿದ್ದಿತ್ತು. ಮುಖದಲ್ಲಿ ಸಿಟ್ಟು!

"ಒಂದೇ ಒಂದ್ಸಲನಾದ್ರೂ ನೋಡೋಕೆ ಬರ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

ಯಂತ್ರಗಳ ಸದ್ದಲ್ಲೂ ಎಲ್ಲರ ಕಿವಿ ನೆಟ್ಟಗಾಯಿತು.

ಸಿಡ್ಸೆಲ್ ಚಾಕು ಕೆಳಗಿಟ್ಟಳು. "ಯಾವ ಮುಖ ಇಟ್ಕೊಂಡು ಬರ್ಲಿ? ನೀನು ಕೂಗ್ದೆ... ನಾನು ಅವನ ಹತ್ರ ಹೋದೆ."

"ಹೋಗದೆ? ಅವನ ರಕ್ತ ಚಿಮ್ಮುತ್ತಿತ್ತು! ನಂಗೆ ಬೈಯೋಕಾದ್ರೂ ಉಸಿರಿತ್ತು. ನೀನು ನನ್ ಕಡೆ ಓಡಿಬಂದಿದ್ರೆ ವಿಬೆಕೆ ನಿನ್ ಕಿವಿ ಹಿಂಡ್ತಿದ್ಲು. ನಾನೂ ಹಿಂಡ್ತಿದ್ದೆ!"

"ಮತ್ತೆ... ಕಣ್ಣು ಯಾಕೆ ಮುಚ್ಕೊಂಡೆ?"

"ನೋವು ಕಣೇ! ಮೂಳೆ ಮುರಿದಿತ್ತು!"

ಸಿಡ್ಸೆಲ್ ಅವನ ಪಟ್ಟಿ ಕಟ್ಟಿದ ಭುಜದತ್ತ ನೋಡಿದಳು. 'ಇಷ್ಟು ದಿನ... ಇಷ್ಟು ಸಣ್ಣದಕ್ಕಾ ನಾನು ಸತ್ತು ಬದುಕಿದ್ದು?'

"ನಿನ್ನನ್ನ ಹೊಡೆದವನನ್ನ ಉಳಿಸ್ದೆ ನಾನು," ಎಂದಳು ಮೆಲ್ಲಗೆ.

"ಹೌದು. ನಿನ್ನನ್ನೂ ಹೊಡೆದವನನ್ನ. ಅವತ್ತೇ ನೀನು ನರ್ಸ್ ಆಗ್ಬಿಟ್ಟೆ ಸಿಡ್ಸೆಲ್. ಅದನ್ನ ಬಿಟ್ಟು ಇಲ್ಲಿ ಬಂದು ನಿಂತಿದ್ದಕ್ಕೆ ನಂಗೆ ಕೋಪ."

ಅವಳ ಕಣ್ಣು ತುಂಬಿತು.

"ಮುಂದಿನ ವಾರದಿಂದ ತರಬೇತಿಗೆ ಬರ್ಬೇಕಂತೆ. ವಿಬೆಕೆ ನಿನ್ ಜಾಗ ಯಾರಿಗೂ ಕೊಟ್ಟಿಲ್ಲ. ಇದು ಮೊದಲನೇ ಮಾತು. ಎರಡನೇದು..." ಅವನು ತಡವರಿಸಿದ. "ನಾನು... ನಿನ್ನನ್ನ..."

"ಜೋರಾಗಿ ಹೇಳಯ್ಯ!" ಕುಂಟುತ್ತ ಬಂದ ಲೌರಿಟ್ಸ್ ಕೂಗಿದ. "ಯಂತ್ರದ ಸದ್ದಲ್ಲಿ ನಮಗ್ಯಾರಿಗೂ ಕೇಳಿಸ್ತಿಲ್ಲ!"

"ಪ್ರೀತಿಸ್ತೀನಿ!" ಆಸ್ಗರ್ ಕಿರುಚಿದ. ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತು.

ಸಿಡ್ಸೆಲ್ ನಾಚಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. "ಹತ್ರ ಬರ್ಬೇಡ... ಮೈಯೆಲ್ಲ ಮೀನಿನ ವಾಸನೆ."

"ಬಂದರಲ್ಲಿ ಹುಟ್ಟಿದವನಿಗೆ ಮೀನಿನ ಹೆದರಿಕೆನಾ?"

ಅವನೇ ಹತ್ತಿರ ಬಂದ. ಅಷ್ಟೇ! ಅವಳು ತಡೆಯಲಾರದೆ ಅವನನ್ನು ಅಪ್ಪಿಕೊಂಡಳು.

"ಅಯ್ಯಯ್ಯೋ... ಮೆಲ್ಲಗೆ! ಭುಜ, ಭುಜ!"

"ಎಡಗಡೆ ಅಲ್ವಾ ಮುರಿದಿರೋದು? ನಾನು ಹಿಡ್ಕೊಂಡಿರೋದು ಬಲಗಡೆ. ಸುಮ್ನಿರು," ಎಂದಳು ಸಿಡ್ಸೆಲ್, ಅವನ ಎದೆಯಲ್ಲಿ ಮುಖ ಹುದುಗಿಸಿ. "ನರ್ಸಿಗೆ ಹೇಳ್ಕೊಡೋಕೆ ಬರ್ತೀಯಾ?"