ಏಳನೇ ಅಂಕ ಯಾರದು?

ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಡಾ. ದಾಕ್ಷಾಯಣಿ ಸ್ಟ್ರೆಚರ್‌ಗೆ ಅಡ್ಡ ನಿಂತರು.

"ಈ ಏಳು ಅಂಕದಲ್ಲಿ ಒಂದು ಕಳ್ಳಮಾಲು," ಎಂದರು.

ಅರಿವಳಿಕೆ ಕೊಡುವವನು ನಾನು. ಮದ್ದು ತುಂಬಿಟ್ಟುಕೊಂಡು, ಊಟವನ್ನೂ ಬಿಟ್ಟು ಕಾಯುತ್ತಿದ್ದೆ. ಹಾಸನದ ನಮ್ಮ ನರ್ಸಿಂಗ್ ಹೋಮಿನ ಸರ್ಜನ್ ಈಕೆ. ಮೊಸರಲ್ಲಿ ಕಲ್ಲು ಹುಡುಕುವುದು ಈಕೆಯ ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ.

ಸ್ಟ್ರೆಚರ್ ಮೇಲಿದ್ದವಳು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ರಂಜಿನಿ. ಬೆಳಿಗ್ಗೆಯಿಂದ ವಾಂತಿ, ಹೊಟ್ಟೆನೋವು. ಮುಂದಿನ ವಾರ ಪೊಲೀಸ್ ಕೆಲಸದ ಓಟದ ಪರೀಕ್ಷೆ. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಅವಕಾಶ. ಹೊಟ್ಟೆ ಕೊಯ್ದರೆ ಓಟ ಮುಗಿದಂತೆ. ಕೊಯ್ಯದೆ ಅಪೆಂಡಿಕ್ಸ್ ಒಡೆದರೆ? ಜೀವಕ್ಕೇ ಸಂಚಕಾರ.

ಡ್ಯೂಟಿ ಡಾಕ್ಟರ್ ರಜನೀಶ್ ಲೆಕ್ಕ ಒಪ್ಪಿಸಿದ. ಅಪೆಂಡಿಕ್ಸ್ ಹೌದೋ ಅಲ್ಲವೋ ಎಂದು ಹತ್ತಕ್ಕೆ ಅಂಕ ಹಾಕುವ ಆಲ್ವರಾಡೊ ಸ್ಕೋರ್ ಅದು. ಊಟ ಸೇರದ್ದಕ್ಕೆ ಒಂದು, ವಾಂತಿಗೆ ಒಂದು, ಬಲಗಡೆ ಕೆಳಹೊಟ್ಟೆ ಒತ್ತಿದರೆ ನೋವು—ಎರಡು, ರಕ್ತದಲ್ಲಿ ಬಿಳಿಕಣ ಏರಿದ್ದಕ್ಕೆ ಎರಡು, ನೋವು ಹೊಕ್ಕುಳಿನಿಂದ ಬಲಕ್ಕೆ ಸರಿದದ್ದಕ್ಕೆ ಒಂದು. ಏಳಾದರೆ ಸಾಮಾನ್ಯವಾಗಿ ಆಪರೇಷನ್. ಜ್ವರ ಮಾತ್ರ ಇರಲಿಲ್ಲ. ಸ್ಕ್ಯಾನಿಂಗ್‌ನಲ್ಲೂ ಏನೂ ಸ್ಪಷ್ಟವಿರಲಿಲ್ಲ.

"ನೋವು ಸರಿದದ್ದು ಅಂತ ಹೇಳಿದ್ದು ಯಾರು?"

"ಅವಳ ತಾಯಿ, ಮೇಡಂ."

"ನೋವು ಇರೋದು ಯಾರಿಗೆ?"

ರಜನೀಶ್ ತಾಯಿಯನ್ನೇ ಹತ್ತಿರ ಕರೆದ.

ತಾಯಿ ಮಲ್ಲಿಗಮ್ಮನನ್ನು ಕೇಳಿದರೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿದ್ಧ. ಹಿರಿಮಗನಿಗೆ ಹಿಂದೆ ಅಪೆಂಡಿಕ್ಸ್ ಒಡೆದು, ಬದುಕಿದ್ದೇ ಹೆಚ್ಚಂತೆ. ಅವತ್ತಿನ ಪ್ರಶ್ನೆಗಳೆಲ್ಲ ಆಕೆಗೆ ಬಾಯಿಪಾಠ.

"ಅವನ್ಗೂ ಇಂಗೇ ಡಾಕ್ಟ್ರಮ್ಮ. ಒಕ್ಕಳ್ ತಾವ ಸುರುವಾಗಿ ಬಲಕ್ಕೆ ಬಂತು. ತಡ ಮಾಡ್ಬ್ಯಾಡಿ."

"ಇವಳಿಗೆ ನೋವು ಶುರುವಾದಾಗ ನೀವೆಲ್ಲಿದ್ರಿ?"

"ಅರದನಳ್ಳೀಲಿ, ನನ್ ತಂಗಿ ಮನೇಲಿ. ಫೋನ್ ಬಂತು, ಓಡ್ಬಂದೆ."

ಆಕೆಯ ಗಂಡ ತಮ್ಮಯ್ಯ ಗೋಡೆಗೊರಗಿ ನೆಲ ನೋಡುತ್ತಿದ್ದ. ದಾಕ್ಷಾಯಣಿ ಇಬ್ಬರನ್ನೂ ಬಾಗಿಲಾಚೆ ಕಳಿಸಿದರು. ರಂಜಿನಿಗೆ ತಲೆಯೆತ್ತಿ ಹೊಟ್ಟೆ ಬಿಗಿಹಿಡಿಯಲು ಹೇಳಿ ಮತ್ತೆ ಒತ್ತಿದರು. ನೋವು ಇನ್ನೂ ಹೆಚ್ಚಾಯಿತು.

"ಮೊದಲು ಬಂದದ್ದು ನೋವೋ, ವಾಂತಿಯೋ?"

"ವಾಂತಿ. ತಲೆ ತಿರುಗ್ತು, ವಾಂತಿ ಆಯ್ತು. ವಾಂತಿ ಮಾಡೀ ಮಾಡೀ ಒಟ್ಟೆನೋವು."

"ಹೊಲಕ್ಕೆ ಹೋಗಿದ್ದೆಯಾ?"

"ಇಲ್ಲ," ಎಂದು ಹುಡುಗಿ ಕೈ ಮುಚ್ಚಿಕೊಂಡಳು.

ದಾಕ್ಷಾಯಣಿ ಆ ಕೈಯನ್ನು ಮೆಲ್ಲಗೆ ಬಿಡಿಸಿ ನನಗೆ ತೋರಿಸಿದರು. ಬೆರಳ ಸಂದಿಯಲ್ಲಿ ಕಪ್ಪು ಅಂಟು. ನನಗೆ ಕಪಾಳಕ್ಕೆ ಬಿದ್ದಂತಾಯಿತು. ಆಕ್ಸಿಜನ್ ನೋಡುವ ಕ್ಲಿಪ್ ಹಾಕುವಾಗ ಇದೇ ಅಂಟನ್ನು ಸ್ಪಿರಿಟ್‌ನಲ್ಲಿ ತಿಕ್ಕಿ, ಹೋಗಲಿಲ್ಲವೆಂದು ಗೊಣಗಿ ಸುಮ್ಮನಾಗಿದ್ದೆ.

"ಅಪರಾಧಿ ಹಸಿ ಹೊಗೆಸೊಪ್ಪು," ಎಂದರು. "ಮಳೇಲಿ ನೆನೆದ ಎಲೆ ಮುರಿದು ಕಂಕುಳಲ್ಲಿ ಅವುಚಿದರೆ ಅದರ ವಿಷ ಚರ್ಮದಿಂದಲೇ ಒಳಗಿಳಿಯುತ್ತೆ. ರೂಢಿ ಇಲ್ಲದವರು ಮಲಗಿಬಿಡ್ತಾರೆ. ಅಷ್ಟು ವಾಂತಿಗೆ ಬಿಳಿಕಣವೂ ಏರಬಹುದು. ಸೆಳೆತಕ್ಕೆ ಹೊಟ್ಟೆಯ ಸ್ನಾಯು ನೋಯುತ್ತೆ. ಅದಕ್ಕೇ ಹೊಟ್ಟೆ ಬಿಗಿಹಿಡಿದಾಗ ನೋವು ಹೆಚ್ಚಾಯ್ತು, ಒಳಗಿನ ನೋವಾಗಿದ್ದರೆ ಸಾಮಾನ್ಯವಾಗಿ ಕಡಿಮೆಯಾಗುತ್ತೆ. ಅಪೆಂಡಿಕ್ಸ್ ಆದರೆ ಸಾಮಾನ್ಯವಾಗಿ ನೋವು ಮುಂಚೆ, ವಾಂತಿ ಆಮೇಲೆ. ನೀವು ಅಂಕ ಕೂಡಿಸಿದಿರಿ ರಜನೀಶ್, ಯಾವುದು ಮುಂಚೆ ಅಂತ ಕೇಳಲಿಲ್ಲ. ಆ ಏಳನೇ ಅಂಕ ಇವಳ ಅಣ್ಣನದು."

ತಂದೆತಾಯಿಯನ್ನು ಮತ್ತೆ ಒಳಗೆ ಕರೆಸಿ ಕೇಳಿದಾಗ ತಮ್ಮಯ್ಯ ಒಪ್ಪಿಕೊಂಡ. ಪರೀಕ್ಷೆ ಮುಗಿಯುವವರೆಗೆ ಮಗಳನ್ನು ಹೊಲಕ್ಕಿಳಿಸಕೂಡದೆಂದು ಹೆಂಡತಿ ಆಣೆ ಹಾಕಿಸಿ ಹೋಗಿದ್ದಳಂತೆ. ಎಲೆ ಹಣ್ಣಾಗಿತ್ತು, ಆಳು ಸಿಗಲಿಲ್ಲ, ಮುಂಜಾನೆ ಮಗಳನ್ನು ಕರೆದೊಯ್ದಿದ್ದ. ಹೊಗೆಸೊಪ್ಪೇ ಕಾರಣವೆಂದು ಅವನಿಗೆ ಹೊಳೆದಿರಲಿಲ್ಲ.

"ನೀನ್ಯಾಕವ್ವ ಬಾಯ್ಬಿಡ್ಲಿಲ್ಲ?" ಎಂದಳು ಮಲ್ಲಿಗಮ್ಮ.

"ಅಪ್ಪನ್ನ ಬಯ್ತೀಯ ಅಂತ."

ಅಪ್ಪನಿಗೆ ಬೈಗುಳ ತಪ್ಪಿಸಲು ಹೊಟ್ಟೆ ಕೊಯ್ಯಿಸಿಕೊಳ್ಳಲು ಹೊರಟಿದ್ದಳು! ಸಿಟ್ಟು ಬಂತು. ತುಂಬಿಟ್ಟ ಮದ್ದನ್ನೆಲ್ಲ ಚೆಲ್ಲಿದೆ.

ದಾಕ್ಷಾಯಣಿ ಹಾಗೆಂದು ಮನೆಗೆ ಕಳಿಸಲಿಲ್ಲ. ಮೈ ತೊಳೆಸಿ, ಬಟ್ಟೆ ಬದಲಿಸಿ, ಡ್ರಿಪ್ ಹಾಕಿ, ಆಗಾಗ ಹೊಟ್ಟೆ ಮುಟ್ಟಿ ನೋಡುತ್ತಲೇ ಇದ್ದರು. ಮಾರನೆಯ ಬೆಳಿಗ್ಗೆ ರಂಜಿನಿ ಮುದ್ದೆ ಕೇಳಿದಳು. ಬಿಳಿಕಣ ಇಳಿದಿತ್ತು. ಮುಂದಿನ ವಾರ ಓಡಬಹುದೆಂದರು ಸರ್ಜನ್.

ಮಲ್ಲಿಗಮ್ಮ ಮಗಳ ತಲೆ ನೇವರಿಸಿದಳು.

"ನಿಮ್ಮಪ್ಪನ್ನ ಬಯ್ಯಾಕಿಲ್ಲ. ಇನ್ಮ್ಯಾಕೆ ನಿನ್ ನೋವ ನೀನೇ ಯೋಳವ್ವ. ನಾನು ಬಾಯಿ ಆಕಾಕಿಲ್ಲ."