ದಯವಿಟ್ಟು ಹೊರಡಿ

ದನೂತಾ ವಿಲ್ಕ್‌ಳ ಅಂಗಡಿಯ ಗಾಜು ಒಡೆದದ್ದು ಬೆಳಿಗ್ಗೆ ಐದೂವರೆಗೆ. ಹಿಂದಿನ ದಿನದ ಜನಮತದಂತೆ ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಡಲಿದೆ ಎಂದು ಟೀವಿಯವರು ಸಾರಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ.

ನಾನು ಓಡಿಬಂದಾಗ ಗಸಗಸೆ ರೊಟ್ಟಿಗಳ ಮೇಲೆಲ್ಲ ಗಾಜಿನ ಚೂರು. ದನೂತಾ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಿದ್ದಳು. ಹಣೆಗೆ ಒತ್ತಿದ್ದ ಬಟ್ಟೆ ಕೆಂಪಾಗಿತ್ತು. ಪೋಲೆಂಡಿನಿಂದ ಬಂದು ಹನ್ನೊಂದು ವರ್ಷ ನಮ್ಮ ಸ್ಕೆಲ್ಬಿ ಬಂದರಿಗೆ ಬ್ರೆಡ್ ತಿನ್ನಿಸಿದವಳು. ಅವಳ ಕಾಲ ಬಳಿ ಆಗಲೇ ಒಂದು ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿತ್ತು.

"ಗ್ವೆನ್, ನಾನು ಇವತ್ತೇ ಹೊರಟೆ," ಎಂದಳು. "ಇಲ್ಲಿರೋಕೆ ಇನ್ನು ಆಗಲ್ಲ."

ನಾನು ಗ್ವೆನ್ ಸವರ್ಬಿ. ಊರಿನ ವಾರಪತ್ರಿಕೆಯ ವರದಿಗಾರ್ತಿ. ಇಪ್ಪತ್ತಾರು ವರ್ಷದಲ್ಲಿ ಕಳೆದುಹೋದ ನಾಯಿಗಳ ಬಗ್ಗೆ ಬರೆದಷ್ಟು ಬೇರೇನೂ ಬರೆದವಳಲ್ಲ. ನಮ್ಮೂರಲ್ಲಿ! ನಮ್ಮೂರಲ್ಲಿ ಇಂಥದ್ದೇ!

ಸಾರ್ಜೆಂಟ್ ಕಾಲಿನ್ ಆಸ್ಕ್ ಕರವಸ್ತ್ರದಲ್ಲಿ ಏನನ್ನೋ ಎತ್ತಿ ಹಿಡಿದ. ಮುಷ್ಟಿಗಾತ್ರದ ಸೀಸದ ಗುಂಡು. ಮೀನಿನ ಬಲೆಯನ್ನು ನೀರಿಗಿಳಿಸಲು ಕಟ್ಟುವಂಥದ್ದು. ಅದಕ್ಕೆ ದಾರದಿಂದ ಬಿಗಿದ ಒಂದು ಚೀಟಿ. ಪೆನ್ಸಿಲ್‌ನಲ್ಲಿ ಬರೆದ ದಪ್ಪ ಅಕ್ಷರ: 'ದಯವಿಟ್ಟು ನಿಮ್ಮ ದೇಶಕ್ಕೆ ಹೊರಡಿ. ಧನ್ಯವಾದ.'

"ಗಾಜು ಒಡೆಯೋರು ದಯವಿಟ್ಟು ಅಂತಾರೇನ್ರೀ?" ಎಂದೆ.

"ನಮ್ಮ ಜನ ದೀಪದ ಕಂಬಕ್ಕೆ ಡಿಕ್ಕಿ ಹೊಡೆದ್ರೂ ಸಾರಿ ಕೇಳ್ತಾರೆ. ಅದು ಬಿಡು. ಈ ಗುಂಡು ಯಾರ ಮನೇಲಿರುತ್ತೆ ಹೇಳು?"

ಯೋಚಿಸುವ ಅಗತ್ಯವೇ ಇರಲಿಲ್ಲ. "ಲೆನ್ ಕರ್ಕಮ್!" ಎಂದೆ. ಹಳೆಯ ಮೀನುಗಾರ. ಒಕ್ಕೂಟ ಬಿಡಿ ಎಂದು ನಾಲ್ಕು ತಿಂಗಳು ಊರೆಲ್ಲ ಗಂಟಲು ಹರಿದುಕೊಂಡವನು.

* * *

ಲೆನ್‌ನ ಶೆಡ್ಡಿನಲ್ಲಿ ಅಂಥವೇ ಒಂಬತ್ತು ಗುಂಡುಗಳು ಸಿಕ್ಕವು. ಆಸ್ಕ್ ಅವನನ್ನು ಠಾಣೆಗೆ ಕರೆತಂದ. ನಾನು ಹಿಂದೆಯೇ ಹೋದೆ.

"ಗೆದ್ದಿರೋ ನಾನು ಗಾಜು ಯಾಕಯ್ಯಾ ಒಡೀಲಿ?" ಲೆನ್ ಮೇಜು ಗುದ್ದಿದ. "ನನ್ನ ಜಗಳ ಬ್ರಸೆಲ್ಸ್‌ನಲ್ಲಿ ಕೂತ ಒಕ್ಕೂಟದವರ ಜೊತೆ. ಬ್ರೆಡ್ ಮಾರೋಳ ಜೊತೆ ಅಲ್ಲ!"

"ಚೀಟಿ ನೋಡು," ಎಂದ ಆಸ್ಕ್.

ಲೆನ್ ನೋಡಿದ. ಒಮ್ಮೆಲೇ ನಕ್ಕುಬಿಟ್ಟ.

"ಪೆನ್ಸಿಲ್ಲು! ಲೋ ಕಾಲಿನ್, ನಿನಗೆ ತಲೆ ಇದೆಯೇನೋ? ನಿನ್ನೆ ಮತಗಟ್ಟೆ ಹೊರಗೆ ನಾನೇನು ಮಾಡ್ತಿದ್ದೆ? ಈಯಮ್ಮನ್ನೇ ಕೇಳು."

ಮತಪತ್ರಕ್ಕೆ ಗುರುತು ಹಾಕಲು ನಮ್ಮ ಮತಗಟ್ಟೆಯಲ್ಲಿ ಇಡುವುದು ಪೆನ್ಸಿಲ್. ಪೆನ್ಸಿಲ್ ಗುರುತನ್ನು ಸರ್ಕಾರದವರು ಅಳಿಸಿ ಮತ ಕದಿಯುತ್ತಾರೆಂದು ಲೆನ್‌ನ ಗುಮಾನಿ. ಬೆಳಗಿನಿಂದ ಸಂಜೆತನಕ ನಿಂತು, ಹೋಗಿಬರುವವರಿಗೆಲ್ಲ ಪೆನ್ನು ಹಂಚಿದ್ದ. ಒಂದು ನನ್ನ ಚೀಲದಲ್ಲೂ ಇತ್ತು. ನಾನು ಒಕ್ಕೂಟದಲ್ಲಿ ಉಳಿಯಬೇಕೆನ್ನುವ ಕಡೆಯವಳು ಎಂದು ಗೊತ್ತಿದ್ದೂ ಕೊಟ್ಟಿದ್ದ.

"ಅಂಗಡಿ ಸಾಮಾನಿನ ಪಟ್ಟೀನೂ ನಾನು ಪೆನ್ಸಿಲ್ಲಲ್ಲಿ ಬರೆಯಲ್ಲ," ಎಂದ ಲೆನ್. "ಆದ್ರೂ ನೀನು ನನ್ನ ಹೆಸರು ಹೇಳಿದ್ಯಲ್ಲಮ್ಮಾ. ನಿಮ್ಮಪ್ಪನ ಜೊತೆ ಸಮುದ್ರಕ್ಕೆ ಹೋಗ್ತಿದ್ದವನು ನಾನು."

ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

* * *

ಹನ್ನೊಂದಕ್ಕೆ ಚಹಾ ಕುಡಿಯಲೆಂದು ಮನೆಗೆ ಬಂದೆ. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮ ಐವಿಗೆ ಎಪ್ಪತ್ನಾಲ್ಕು. ನಿನ್ನೆ ರಾತ್ರಿ ಹತ್ತರವರೆಗೂ ಮತಗಟ್ಟೆಯಲ್ಲಿ ಗುಮಾಸ್ತೆಯಾಗಿ ಕೂತಿದ್ದಳು. ಮೂವತ್ತು ವರ್ಷದಿಂದ ಅವಳದ್ದೇ ಆ ಕೆಲಸ. ಹಾಗಾಗಿ ತಾನು ಯಾವ ಕಡೆ ಎಂದು ನನಗೂ ಹೇಳಿದವಳಲ್ಲ.

ಅಡುಗೆಮನೆಯೊಳಗೆ ಕಾಲಿಟ್ಟೆ. ಹಿಂದೆ ಬಾಗಿಲು ಧಡಾರನೆ ಮುಚ್ಚಿಕೊಂಡಿತು.

ಬೆಚ್ಚಿಬಿದ್ದೆ. ಇಪ್ಪತ್ತು ವರ್ಷದಲ್ಲಿ ಆ ಬಾಗಿಲು ಒಮ್ಮೆಯೂ ಹಾಗೆ ಬಡಿದಿರಲಿಲ್ಲ. ಅದು ಮುಚ್ಚಿಕೊಳ್ಳದಂತೆ ಬುಡಕ್ಕೊಂದು ಅಡ್ಡ ಇಟ್ಟಿರುತ್ತಿತ್ತು. ಅಪ್ಪನ ದೋಣಿಯಿಂದ ಉಳಿದಿದ್ದ ಒಂದೇ ವಸ್ತು. ಸೀಸದ ಗುಂಡು.

ಮೇಜಿನ ಮೇಲೆ ಅಮ್ಮನ ಪದಬಂಧ. ಅದರ ಪಕ್ಕ ಮೂರು ಮೋಟು ಪೆನ್ಸಿಲ್. ಒಂದರ ತುದಿಯಲ್ಲಿ ಮತಗಟ್ಟೆಯ ದಾರ ಇನ್ನೂ ನೇತಾಡುತ್ತಿತ್ತು.

ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ನಾನು ಊರೆಲ್ಲ ಹುಡುಕಿ ಬಂದಿದ್ದೆ.

"ಅಮ್ಮಾ, ಕೋಟು ಹಾಕ್ಕೋ," ಎಂದೆ. "ದನೂತಾ ಅಂಗಡಿಗೆ ಹೋಗೋಣ."

"ಹೂಂ, ಇವತ್ತು ಶುಕ್ರವಾರ ಅಲ್ವಾ," ಎಂದಳು ಅಮ್ಮ, ಏನೂ ನಡೆದೇ ಇಲ್ಲವೆಂಬಂತೆ. "ನನ್ನ ರೊಟ್ಟಿ ತರಬೇಕು."

* * *

ದನೂತಾಳ ಹಣೆಗೆ ಮೂರು ಹೊಲಿಗೆ ಬಿದ್ದಿತ್ತು. ಸೂಟ್‌ಕೇಸ್ ತುಂಬಿತ್ತು. ನಾನು ಕರೆದಿದ್ದೆನೆಂದು ಆಸ್ಕ್ ಬಂದಿದ್ದ, ಲೆನ್‌ನನ್ನೂ ಕರೆತಂದಿದ್ದ.

"ಲೆನ್‌ನ ಬಿಡಿ," ಎಂದೆ. "ಪೆನ್ಸಿಲ್ ನಂಬದವನು ಪೆನ್ಸಿಲ್ಲಲ್ಲಿ ಬರೆಯಲ್ಲ. ಇದನ್ನ ಬರೆದವರ ಹತ್ರ ಮತಗಟ್ಟೆ ಪೆನ್ಸಿಲ್ ಇತ್ತು. ಬಲೆಯ ಗುಂಡು ಇತ್ತು. ಮತ್ತೆ ಅವರು ಜೀವಮಾನದಲ್ಲಿ ಯಾರನ್ನೂ ದಯವಿಟ್ಟು ಅನ್ನದೆ ಏನೂ ಕೇಳಿದವರಲ್ಲ." ಆಸ್ಕ್ ಕಡೆ ತಿರುಗಿದೆ. "ನಮ್ಮನೆ ಬಾಗ್ಲಿಗೆ ಇವತ್ತು ಅಡ್ಡ ಇಲ್ಲ, ಸಾರ್ಜೆಂಟ್."

ಎಲ್ಲರೂ ಅಮ್ಮನ ಕಡೆ ತಿರುಗಿದರು. ಅಮ್ಮ ಕೈಚೀಲವನ್ನು ಎದೆಗೆ ಅವುಚಿಕೊಂಡಳು.

"ಈ ಅಂಗಡಿ ಮೊದಲು ನಿಮ್ಮಪ್ಪ ಬಲೆ ಇಡ್ತಿದ್ದ ಮನೆ ಕಣೇ," ಎಂದಳು. "ಒಕ್ಕೂಟದವರ ನಿಯಮ ಅಂತ ದೋಣಿ ಒಡೆಸಿದ್ರು. ಅದೇ ಕೊರಗಲ್ಲಿ ಹೋದ್ರು ಅವ್ರು. ಈ ಬಲೆ ಮನೇನೂ ಮಾರಿದ್ವಿ. ಗೆದ್ವಿ ಅಂತ ಟೀವೀಲಿ ಹೇಳಿದ ಕೂಡ್ಲೇ ನೋಡೋಕೆ ಬಂದೆ. ಇವಳು ಎಂದಿನ ಹಾಗೆ ದೀಪ ಹಚ್ಚಿ ರೊಟ್ಟಿ ಜೋಡಿಸ್ತಿದ್ಲು. ಏನೂ ಆಗೇ ಇಲ್ಲ ಅನ್ನೋ ಹಾಗೆ! ಮನೆಗೆ ಹೋಗಿ ಚೀಟಿ ಬರೆದು ಗುಂಡಿಗೆ ಕಟ್ಟಿ ತಂದೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ ಐವಿ?" ಲೆನ್ ಮುಂದೆ ಬಂದ. "ಅವಳೇನು ಮಾಡಿದ್ಲು?"

"ನಾನೇನು ಬೈದು ಬರ್ದಿದ್ದೀನಾ?" ಅಮ್ಮನಿಗೆ ನಿಜಕ್ಕೂ ನೋವಾಗಿತ್ತು. "ದಯವಿಟ್ಟು ಅಂದಿದ್ದೀನಿ. ಧನ್ಯವಾದಾನೂ ಹೇಳಿದ್ದೀನಿ."

ನನ್ನನ್ನು ಹೆತ್ತವಳು ಇವಳೇನಾ ಎಂದು ನೋಡುತ್ತಾ ನಿಂತೆ.

ದನೂತಾ ಎದ್ದಳು. ಸೂಟ್‌ಕೇಸನ್ನು ಕಾಲಿನಿಂದ ಬದಿಗೆ ತಳ್ಳಿದಳು. ಗಲ್ಲಾದ ಹಿಂದಿನಿಂದ ಕಾಗದದಲ್ಲಿ ಸುತ್ತಿದ ಗಸಗಸೆ ರೊಟ್ಟಿ ತಂದಳು. ಮೇಲೆ 'ಮಿಸೆಸ್ ಸವರ್ಬಿ' ಎಂದು ಬರೆದಿತ್ತು. ಪ್ರತಿ ಶುಕ್ರವಾರದಂತೆ ಬೆಳಗಿನ ಜಾವವೇ ತೆಗೆದಿಟ್ಟಿದ್ದಳು, ಗಾಜು ಒಡೆಯುವ ಮೊದಲೇ.

ಅದನ್ನು ಅಮ್ಮನ ಕೈಯಲ್ಲಿಟ್ಟಳು.

"ನಾನೆಲ್ಲೂ ಹೋಗಲ್ಲ," ಎಂದಳು. "ಮಿಸೆಸ್ ಸವರ್ಬಿ, ದಯವಿಟ್ಟು ನನ್ನ ಅಂಗಡಿಯಿಂದ ಹೊರಡಿ."

ಆಸ್ಕ್ ಬಾಗಿಲು ತೆರೆದು ಹಿಡಿದ. ಅಮ್ಮ ರೊಟ್ಟಿ ಹಿಡಿದು ಹೊಸ್ತಿಲವರೆಗೆ ಹೋದಳು. ತಿರುಗಿ ನೋಡಿದಳು. ಅರವತ್ತು ವರ್ಷಗಳ ಅಭ್ಯಾಸ, ಬಾಯಿ ತಾನಾಗಿ ತೆರೆಯಿತು.

"ಧನ್ಯವಾದ," ಎಂದಳು.