ಬೆರಳು ಮೇಷ್ಟ್ರಿಗೆ ಅನ್ನಿಸಿದ್ದು

ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಠಾಣೆಗೆ ದೂರು ಬಂತು. ನೇಯ್ಗೆ ಕಾರ್ಖಾನೆಯಲ್ಲಿ ಬಟ್ಟೆ ಮುಟ್ಟಿ ದರ್ಜೆ ಹೇಳುವ ಮುದುಕರೊಬ್ಬರಿದ್ದರು. ಎಲ್ಲರ ಬಾಯಲ್ಲೂ ಬೆರಳು ಮೇಷ್ಟ್ರು. ಕೆಲಸಕ್ಕೆ ಕೂರುವ ಮುಂಚೆ ಅವರು ಕೈ ಅದ್ದುವ ಬಟ್ಟಲಿನ ನೀರಿಗೆ ಯಾರೋ ಕಾಸ್ಟಿಕ್ ಸೋಡಾ ಬೆರೆಸಿದ್ದರು. ಹತ್ತೂ ಬೆರಳ ತುದಿ ಸುಲಿದುಹೋಗಿತ್ತು.

ಎಫ್‌ಐಆರ್ ಬರೆಸಿ ಇನ್‌ಸ್ಪೆಕ್ಟರ್ ಹೊರಟರು. ಬಣ್ಣದ ಕೋಣೆಯಲ್ಲಿ ಸೋಡಾ ಡಬ್ಬ ಬಾಯಿ ತೆರೆದುಕೊಂಡೇ ಇತ್ತು, ನಲವತ್ತು ನೇಕಾರರಲ್ಲಿ ಯಾರ ಕೈಗಾದರೂ ಸಿಗುವ ಹಾಗೆ. ಪಂಚನಾಮೆ ಮುಗಿಸಿ ಮೇಷ್ಟ್ರನ್ನು ವಿಚಾರಿಸಲು ಆಸ್ಪತ್ರೆಗೆ ನಡೆದರು.

"ಯಾರ ಮೇಲಾದ್ರೂ ಅನುಮಾನ?"

"ಎರಡನೇ ದರ್ಜೆ ಬಿದ್ದೋರೆಲ್ಲ ನನ್ನ ಮೇಲೆ ಹಲ್ಲು ಮಸೀತಾರೆ, ಸಾಹೇಬ್ರೇ. ಮೂರು ಸಲ ಬಿದ್ರೆ ಮಗ್ಗ ಬಿಡಬೇಕಲ್ಲ."

"ದರ್ಜೆ ಹೇಗೆ ಹೇಳ್ತೀರಿ?"

"ಮುಟ್ಟಿದ್ರೆ ಅನ್ನಿಸುತ್ತೆ."

"ತಪ್ಪಾದ್ರೆ?"

"ಅನ್ನಿಸೋದ್ರಲ್ಲಿ ತಪ್ಪೆಲ್ಲಿಂದ ಬಂತು?"

ಸೋಮವಾರ ಮೂರನೇ ಸಲ ಬಿದ್ದವಳು ಒಬ್ಬಳೇ, ಕಿಟಕಿ ಪಕ್ಕದ ಮಗ್ಗದವಳು. ಗೋದಾಮಿನಲ್ಲಿ ಅವಳು ನೇಯ್ದ ಬಟ್ಟೆ ಹುಡುಕುತ್ತಿದ್ದ ಮಹಿಳಾ ಕಾನ್‌ಸ್ಟೆಬಲ್ ಎರಡು ತುಂಡು ಎತ್ತಿಕೊಂಡು ಬಂದಳು. ಒಂದಕ್ಕೆ ಅವಳ ಹೆಸರಿನ ಚೀಟಿ, ಎರಡನೇ ದರ್ಜೆ. ಇನ್ನೊಂದಕ್ಕೆ ಅಲ್ಲೇ ನೇಯುವ ಅವಳ ತಂಗಿಯ ಹೆಸರು, ಮೊದಲ ದರ್ಜೆ.

"ಎರಡರಲ್ಲೂ ಅಂಚಿಂದ ಹನ್ನೊಂದನೇ ಎಳೆ ದಪ್ಪ, ಸರ್. ಒಂದೇ ಮಗ್ಗದ್ದು."

ಕತ್ತರಿ ಬಿದ್ದ ಕಡೆ ಜೋಡಿಸಿದರೆ ದಪ್ಪ ಎಳೆ ನೇರವಾಗಿ ಕೂಡಿಕೊಂಡಿತು.

ಸಂಜೆ ನಾಲ್ಕಕ್ಕೆ ಅವಳನ್ನು ಎದುರು ಕೂರಿಸಿದರು.

"ಅರ್ಧ ಬಟ್ಟೆ ತಂಗಿ ಹೆಸರಲ್ಲಿ ಯಾಕಮ್ಮಾ ಕೊಟ್ಟೆ?"

"ಅವಳ ಕೈ ನಯ, ನನ್ನ ಕೈ ಒರಟು ಅಂತ ಮೇಷ್ಟ್ರಿಗೆ ಮೊದಲಿಂದ ಅನ್ನಿಸಿಬಿಟ್ಟಿದೆ. ಸಾಕ್ಷಿ ಬೇಕಿತ್ತು ಸರ್. ನಿನ್ನೆ ಎರಡೂ ಅವರ ಮುಂದೆ ಹಿಡಿದೆ. ನಕ್ಕುಬಿಟ್ರು. ‘ಆಗ ಹಂಗನ್ನಿಸ್ತು, ಹೋಗಮ್ಮ’ ಅಂದ್ರು."

"ಅದಕ್ಕೆ ಸೋಡಾ ಹಾಕಿದೆ."

"ಹ್ಞೂಂ." ಆಮೇಲೆ ಅವಳೇ ಕೇಳಿದಳು, "ತುಂಬಾ ಉರೀತಂತಾ?"

"ಕಿರುಚಿದ್ದು ರಸ್ತೆಗೆ ಕೇಳಿಸಿದೆ."

"ಉರೀತು ಅಂತ ಅವರಿಗೆ ಅನ್ನಿಸಿರುತ್ತೆ, ಬಿಡಿ ಸರ್."

ನಾಲ್ಕು ನಲವತ್ತಕ್ಕೆ ಬಂಧನ ದಾಖಲಾಯಿತು. ಹದಿನೆಂಟು ವರ್ಷ ಕೂತ ಮಗ್ಗದಿಂದ ಒಂದು ನಗೆ ಅವಳನ್ನು ಎಬ್ಬಿಸಿತ್ತು. ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ ‘ದ್ವೇಷ’ ಎಂದಷ್ಟೇ ಬರೆದರು.

ಮೊಹರು ಒತ್ತುವ ಮುಂಚೆ ಎರಡು ತುಂಡನ್ನೂ ಒಮ್ಮೆ ಸವರಿ ನೋಡಿದರು. ಒಂದೇ ಬಟ್ಟೆಯೆಂದು ಕಣ್ಣಾರೆ ಕಂಡಿದ್ದವರು. ಆದರೂ ಅವಳ ಹೆಸರಿನದು ತುಸು ಒರಟೆನ್ನಿಸಿತು. ಇನ್ನೊಮ್ಮೆ ಸವರಿದರು, ಹಾಗೇ ಅನ್ನಿಸಿತು.